ಮಿಷನ್ ಕೆಟ್ಟಿಲ್ಲ, ಚೈನ್ ಮೊಂಡಾಗಿದೆ: ಮರ ಕೊಯ್ಯೋ ಮಿಷನ್‌ಗೆ ಕೈಯಲ್ಲೇ ಅರ ಹಾಕೋದು ಹೇಗೆ?

ಮಧುಗಿರಿ: ಒಂದು ಕಾಲಕ್ಕೆ ಕೊಡಲಿ ಮತ್ತು ಇಬ್ಬರು ಹಿಡಿದು ಎಳೆಯೋ ಗರಗಸದ ಕೆಲಸ ಆಗಿದ್ದ ಮರ ಕೊಯ್ತ ಈಗ ಪೆಟ್ರೋಲ್ ಮಿಷನ್ ಪಾಲಾಗಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಉಪವಿಭಾಗದ ನಾಲ್ಕೂ ತಾಲ್ಲೂಕಿನಲ್ಲಿ ಇದರ ಸದ್ದು ಕೇಳುತ್ತೆ. ತೋಟದಲ್ಲಿ ಒಣಗಿ ನಿಂತ ತೆಂಗು, ಗಾಳಿಗೆ ಮುರಿದ ಹುಣಸೆ ಕೊಂಬೆ, ಕಟಾವಿಗೆ ಬಂದ ನೀಲಗಿರಿ, ಕೆರೆ ಅಂಗಳ ಮತ್ತು ಹೊಲದ ಬದು ನುಂಗಿರೋ ಬಳ್ಳಾರಿ ಜಾಲಿ, ಎಲ್ಲಕ್ಕೂ ಅದೇ ಚೈನ್ ಸಾ.

ಹಾಗೇ ರಿಪೇರಿ ಅಂಗಡಿಗೆ ಬರೋ ದೂರೂ ಹೆಚ್ಚು ಕಡಿಮೆ ಒಂದೇ. "ಮಿಷನ್ ಎಳೀತಿಲ್ಲ", "ಒತ್ತಿದ್ರೂ ಇಳೀತಿಲ್ಲ", "ಹೊಗೆ ಬರ್ತಿದೆ". ಕಾರ್ಬೊರೇಟರ್ ಬಿಚ್ಚೋಕೆ, ಪ್ಲಗ್ ಬದಲಾಯಿಸೋಕೆ ಹೇಳೋ ಮೊದಲು ಒಂದು ಕೆಲಸ ಮಾಡಿ. ಚೈನ್‌ನ ಹಲ್ಲು ನೋಡಿ. ಎಂಜಿನ್ ಜೋರಾಗಿ ಓಡ್ತಾ ಇದೆ, ಆದ್ರೂ ಮರದೊಳಕ್ಕೆ ಇಳೀತಿಲ್ಲ ಅಂದ್ರೆ ತಪ್ಪು ಎಂಜಿನ್‌ದಲ್ಲ, ಹಲ್ಲಿನದು. ಅದಕ್ಕೆ ಬೇಕಾಗಿರೋದು ಮೆಕ್ಯಾನಿಕ್ ಅಲ್ಲ, ಸರಿಯಾದ ಅಳತೆಯ ಒಂದು ದುಂಡು ಅರ ಮತ್ತು ಹತ್ತು ನಿಮಿಷ ಸಮಯ.

ಮೊದಲು ಪುಡಿ ನೋಡಿ

ಚೈನ್ ಹರಿತ ಇದೆಯೋ ಇಲ್ಲವೋ ತಿಳಿಯೋಕೆ ಯಾವ ಉಪಕರಣವೂ ಬೇಡ. ಅಡ್ಡ ಕೊಯ್ಯುವಾಗ ಕಾಲಬುಡದಲ್ಲಿ ಬೀಳೋದನ್ನ ನೋಡಿ. ಅವಲಕ್ಕಿ ಥರ ಚಕ್ಕೆ ಚಕ್ಕೆಯಾಗಿ ಬೀಳ್ತಿದ್ರೆ ಹಲ್ಲು ಮರವನ್ನ ಕೊಯ್ತಾ ಇದೆ. ರಾಗಿ ಹಿಟ್ಟಿನ ಥರ ನುಣ್ಣಗೆ ಬೀಳ್ತಿದ್ರೆ ಹಲ್ಲು ಕೊಯ್ತಿಲ್ಲ, ಬರೀ ಉಜ್ಜುತಾ ಇದೆ.

ಇನ್ನೂ ಮೂರು ಗುರುತುಗಳಿವೆ. ಹರಿತ ಇರೋ ಚೈನ್ ತನ್ನಷ್ಟಕ್ಕೆ ತಾನೇ ಮರದೊಳಕ್ಕೆ ಎಳೆದುಕೊಳ್ಳುತ್ತೆ, ಮೊಂಡಾದದ್ದನ್ನ ಮೈಭಾರ ಹಾಕಿ ಒತ್ತಬೇಕಾಗುತ್ತೆ. ಎರಡನೆಯದು, ಎಣ್ಣೆ ಸರಿಯಾಗಿ ಬರ್ತಿದ್ರೂ ಕೊಯ್ದ ಜಾಗದಲ್ಲಿ ಹೊಗೆ, ಸುಟ್ಟ ವಾಸನೆ. ಮೂರನೆಯದು, ನೇರ ಇಟ್ಟು ಶುರು ಮಾಡಿದ ಕೊಯ್ತ ಒಂದು ಪಕ್ಕಕ್ಕೆ ಬಾಗ್ತಾ ಹೋಗೋದು. ಒಂದು ಬದಿಯ ಹಲ್ಲು ಹರಿತ, ಇನ್ನೊಂದು ಬದಿಯದು ಮೊಂಡು ಅಥವಾ ಗಿಡ್ಡ ಆಗಿದ್ರೆ ಹೀಗಾಗುತ್ತೆ.

ಹಲ್ಲು ಕೆಲಸ ಮಾಡೋದು ಹೇಗೆ?

ಚೈನ್‌ನ ಹಲ್ಲನ್ನ ಗರಗಸದ ಹಲ್ಲು ಅಂದುಕೊಂಡ್ರೆ ಅರ ಹಾಕೋದು ತಪ್ಪಾಗುತ್ತೆ. ಅದು ಬಡಗಿಯ ಉಜ್ಜುಗೊರಡಿನ ಉಳಿ ಇದ್ದ ಹಾಗೆ. ಹಲ್ಲಿನ ಮೇಲ್ಭಾಗ ಮರದ ಚಕ್ಕೆಯನ್ನ ಎಬ್ಬಿಸುತ್ತೆ, ಪಕ್ಕದ ಅಂಚು ಅದರ ನಾರನ್ನ ಕತ್ತರಿಸುತ್ತೆ. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಬಾಗಿರುತ್ತೆ.

ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಗೂಟದಂಥದ್ದು ಎದ್ದಿರುತ್ತೆ. ಅದಕ್ಕೆ ಡೆಪ್ತ್ ಗೇಜ್ ಅಂತಾರೆ. ಅದು ಕೊಯ್ಯೋದಿಲ್ಲ. ಹಿಂದಿನ ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಅನ್ನೋದನ್ನ ತೀರ್ಮಾನ ಮಾಡೋದು ಅದೇ. ಈ ಗೂಟದ ವಿಚಾರ ನೆನಪಿರಲಿ, ಮುಂದೆ ಮತ್ತೆ ಬರುತ್ತೆ.

ಈಗಿನ ಚೈನ್‌ನ ಈ ಆಕಾರ ಬಂದದ್ದು ಒಂದು ಹುಳುವಿನಿಂದ. 1946ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮರ ಕಡಿಯೋ ಕೆಲಸ ಮಾಡ್ತಿದ್ದ ಜೋ ಕಾಕ್ಸ್ ಎಂಬಾತ, ಮರ ಕೊರೆಯೋ ದುಂಬಿಯ ಮರಿ ಹುಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಡೀತಾ ಗಟ್ಟಿ ಮರದಲ್ಲಿ ಸಲೀಸಾಗಿ ಸಾಗೋದನ್ನ ಗಮನಿಸಿದ. ಅದರ ದವಡೆಯ ಆಕಾರವನ್ನೇ ಉಕ್ಕಿನಲ್ಲಿ ಮಾಡಿದ. 1947ರಲ್ಲಿ ಚೈನ್ ಮಾರಾಟಕ್ಕೆ ಬಂತು. ಇವತ್ತು ನಮ್ಮ ಅಂಗಡಿಗಳಲ್ಲಿ ತೂಗುಹಾಕಿರೋ ಚೈನ್‌ಗಳೆಲ್ಲ ಅದರ ಸಂತತಿಯೇ.

ನಮ್ಮ ಕಡೆ ಬೇಗ ಮೊಂಡಾಗೋದು ಯಾಕೆ?

ಮರಕ್ಕಿಂತ ಹೆಚ್ಚಾಗಿ ಚೈನ್‌ನ ಹಾಳು ಮಾಡೋದು ಮಣ್ಣು. ಬಳ್ಳಾರಿ ಜಾಲಿ ನೆಲದಿಂದಲೇ ಕವಲೊಡೆಯುತ್ತೆ, ಅದನ್ನ ಬುಡದಲ್ಲಿ ಕೊಯ್ಯುವಾಗ ಬಾರ್‌ನ ತುದಿ ನೆಲ ಮುಟ್ಟದೇ ಇರೋದು ಕಷ್ಟ. ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡ್ತಿರುತ್ತೆ. ಅಷ್ಟು ವೇಗದಲ್ಲಿ ಮರಳು ಮಣ್ಣಿಗೆ ಒಂದು ಕ್ಷಣ ತಗುಲಿದ್ರೂ ಸಾಕು, ಅಷ್ಟೂ ಹಲ್ಲಿನ ಹರಿತ ಹೋಯ್ತು. ಒಣ ಸೀಮೆಯಲ್ಲಿ ತೊಗಟೆಯ ಸೀಳಿನಲ್ಲೂ ದೂಳು ತುಂಬಿರುತ್ತೆ. ಕೊಯ್ಯೋ ಜಾಗದಲ್ಲಿ ಮಚ್ಚಿನಿಂದ ತೊಗಟೆ ಕೆತ್ತಿ ತೆಗೆದರೆ ಚೈನ್ ಹೆಚ್ಚು ಹೊತ್ತು ಬಾಳುತ್ತೆ.

ತೆಂಗಿನ ಮರ ನೋಡೋಕೆ ಮೆತ್ತಗೆ ಅನ್ನಿಸಿದ್ರೂ ಒಳಗೆ ಮಾತ್ರ ಮೆದು. ಹೊರಗಿನ ಸುತ್ತು ಗಟ್ಟಿ ನಾರಿನದ್ದು, ಹಲ್ಲಿನ ಹರಿತವನ್ನ ಬೇಗ ತಿನ್ನುತ್ತೆ. ಹಳೇ ಹುಣಸೆಯ ಚೇಗು ಭಾಗವೂ ಅಷ್ಟೇ ಗಟ್ಟಿ.

ಇನ್ನೊಂದು ಶತ್ರು ಮೊಳೆ. ಬದುವಿನ ಮರಕ್ಕೆ ಸುತ್ತಿದ ಮುಳ್ಳುತಂತಿ, ರಸ್ತೆ ಬದಿ ಮರಕ್ಕೆ ಹೊಡೆದ ಅಂಗಡಿ ಬೋರ್ಡು, ಟ್ಯೂಷನ್ ಫಲಕ. ಬೋರ್ಡು ಬಿದ್ದುಹೋದ್ರೂ ಮೊಳೆ ಮರದೊಳಗೇ ಇರುತ್ತೆ. ವರ್ಷಗಳ ಮೇಲೆ ತೊಗಟೆ ಅದನ್ನ ಮುಚ್ಚಿಬಿಡುತ್ತೆ, ಹೊರಗೆ ಕಾಣೋದೇ ಇಲ್ಲ. ಆ ಮರ ಕೊಯ್ಯೋನ ಚೈನ್ ಒಂದೇ ಏಟಿಗೆ ಹಾಳು, ಹಲ್ಲು ಮುರಿದು ಹಾರಿದ್ರೆ ಕಣ್ಣಿಗೂ ಅಪಾಯ. ಅಂಗಡಿಯವರು ಮರಕ್ಕೆ ಮೊಳೆ ಹೊಡೆಯೋದನ್ನ ಬಿಟ್ಟರೆ ಮರಕ್ಕೂ ಒಳ್ಳೇದು, ಮುಂದೆ ಅದನ್ನ ಕೊಯ್ಯೋನಿಗೂ ಒಳ್ಳೇದು.

ಯಾವ ಅಳತೆಯ ಅರ? ಅಂಗಡಿಯವರೂ ಗಮನಿಸಿ

"ಚೈನ್ ಸಾ ಅರ ಕೊಡಿ" ಅಂತ ಕೇಳಿದ್ರೆ ಕೈಗೆ ಸಿಕ್ಕಿದ ದುಂಡು ಅರ ಕೊಟ್ಟು ಕಳಿಸೋದು ಸರಿಯಲ್ಲ. ಚೈನ್‌ನ ಪಿಚ್ ಯಾವುದೋ ಅದಕ್ಕೆ ತಕ್ಕ ಅರವೇ ಬೇಕು. ದಪ್ಪ ಅರ ಹಾಕಿದ್ರೆ ಹಲ್ಲಿನ ಅಂಚು ಮೊಂಡಾಗಿಯೇ ಉಳಿಯುತ್ತೆ. ಸಣ್ಣ ಅರ ಹಾಕಿದ್ರೆ ಅಂಚು ತೆಳ್ಳಗೆ ಕೊಕ್ಕೆಯಂತಾಗಿ ನಾಲ್ಕು ಕೊಯ್ತಕ್ಕೇ ಹೋಗುತ್ತೆ.

ಸಾಮಾನ್ಯವಾಗಿ ಬೇಕಾಗೋ ಅಳತೆಗಳು ಇಷ್ಟೇ:

- ಚಿಕ್ಕ ಮಿಷನ್, ಕರೆಂಟ್ ಮಿಷನ್‌ಗಳ 3/8 ಲೋ ಪ್ರೊಫೈಲ್ ಚೈನ್: 4.0 ಮಿ.ಮೀ. ಅರ
- .325 ಪಿಚ್ ಚೈನ್: 4.8 ಮಿ.ಮೀ. ಅರ
- ದೊಡ್ಡ ಮಿಷನ್‌ಗಳ 3/8 ಚೈನ್: ಕಂಪನಿ ನೋಡಿಕೊಂಡು 5.2 ಅಥವಾ 5.5 ಮಿ.ಮೀ. ಅರ

ತೋಟದ ಕೆಲಸಕ್ಕೆ ಬಳಕೆಯಲ್ಲಿರೋ 52, 58 ಸಿಸಿ ಮಿಷನ್‌ಗಳಲ್ಲಿ ಹೆಚ್ಚಾಗಿ .325 ಚೈನ್ ಇರುತ್ತೆ. ಆದ್ರೂ ಊಹೆ ಬೇಡ, ಬಾರ್ ಮೇಲೆ ಬರೆದಿರೋದನ್ನ ಓದಿ. ಅದು ಅಳಿಸಿಹೋಗಿದ್ರೆ ಸ್ಕೇಲ್ ಇಟ್ಟು ಅಳೆಯಿರಿ. ಚೈನ್‌ನ ಸಾಲಿನಲ್ಲಿ ಯಾವುದಾದ್ರೂ ಮೂರು ರಿವೆಟ್ ತಗೊಳ್ಳಿ, ಮೊದಲನೆಯದರ ಮಧ್ಯದಿಂದ ಮೂರನೆಯದರ ಮಧ್ಯಕ್ಕೆ ಅಳೆದು ಎರಡರಿಂದ ಭಾಗಿಸಿ. ಒಟ್ಟು ಅಳತೆ 16.5 ಮಿ.ಮೀ. ಬಂದ್ರೆ ಅದು .325 ಪಿಚ್. 19 ಮಿ.ಮೀ. ಬಂದ್ರೆ 3/8. ಗಿರಾಕಿ ಹಳೇ ಚೈನ್ ತುಂಡು ತಂದ್ರೂ ಸಾಕು, ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ.

ಅರದ ಜೊತೆ ಮರದ ಹಿಡಿ, ಒಂದು ಚಪ್ಪಟೆ ಅರ, ಕೋನದ ಗೆರೆ ಇರೋ ಫೈಲ್ ಗೈಡ್, ಡೆಪ್ತ್ ಗೇಜ್ ಅಳೆಯೋ ಪಟ್ಟಿ, ಇವಿಷ್ಟನ್ನ ಅಂಗಡಿಯಲ್ಲಿಟ್ಟರೆ ಗಿರಾಕಿ ಬೇರೆ ಊರಿಗೆ ಹೋಗಬೇಕಿಲ್ಲ.

ಅರ ಹಾಕೋ ಕ್ರಮ

1. ಮಿಷನ್ ಆಫ್ ಮಾಡಿ, ಪ್ಲಗ್ ಕ್ಯಾಪ್ ಕಿತ್ತಿಡಿ. ಬ್ಯಾಟರಿ ಮಿಷನ್ ಆದ್ರೆ ಬ್ಯಾಟರಿ ತೆಗೀರಿ. ಕೈಗೆ ಗವಸು ಹಾಕಿ.

2. ಬಾರ್ ಅಲ್ಲಾಡಬಾರದು. ಅಂಗಡಿಯಲ್ಲಿ ವೈಸ್ ಇರುತ್ತೆ. ತೋಟದಲ್ಲಾದ್ರೆ ಬಿದ್ದ ದಿಮ್ಮಿಯಲ್ಲಿ ಒಂದು ಕಚ್ಚು ಮಾಡಿ ಅದರಲ್ಲಿ ಬಾರ್ ಕೂರಿಸಿ. ಚೈನ್ ಸಡಿಲ ಇದ್ರೆ ಬಿಗಿ ಮಾಡಿ, ಇಲ್ಲಾಂದ್ರೆ ಹಲ್ಲು ಅರದ ಜೊತೆ ಓಲಾಡುತ್ತೆ. ಅರ ಹಾಕುವಾಗ ಚೈನ್ ಬ್ರೇಕ್ ಹಾಕಿರಲಿ, ಚೈನ್ ಮುಂದಕ್ಕೆ ಸರಿಸುವಾಗ ಮಾತ್ರ ಬಿಡಿ.

3. ಚೈನ್‌ಗೆ ಅಂಟಿರೋ ಎಣ್ಣೆ, ಪುಡಿಯನ್ನ ಬ್ರಷ್‌ನಿಂದ ಒರೆಸಿ. ಜಿಡ್ಡು ತುಂಬಿದ ಅರ ಕಚ್ಚೋದಿಲ್ಲ.

4. ಎಲ್ಲಕ್ಕಿಂತ ಗಿಡ್ಡ ಇರೋ ಹಲ್ಲು ಯಾವುದು ಹುಡುಕಿ, ಮಾರ್ಕರ್‌ನಿಂದ ಗುರುತು ಮಾಡಿ. ಅದರಿಂದಲೇ ಶುರು. ಉಳಿದ ಎಲ್ಲ ಹಲ್ಲೂ ಅದರ ಉದ್ದಕ್ಕೇ ಬರಬೇಕು.

5. ಹಲ್ಲಿನ ಮೇಲ್ಭಾಗದ ಹಿಂದೆ ಎಷ್ಟೋ ಚೈನ್‌ಗಳಲ್ಲಿ ಓರೆ ಗೆರೆ ಇರುತ್ತೆ. ಅದೇ ನಿಮ್ಮ ದಾರಿ, ಸಾಮಾನ್ಯವಾಗಿ 30 ಡಿಗ್ರಿ. ಅರವನ್ನ ಆ ಗೆರೆಗೆ ಸಮವಾಗಿ, ನೆಲಕ್ಕೆ ಮಟ್ಟಸವಾಗಿ ಹಿಡೀರಿ. ಅರದ ದಪ್ಪದಲ್ಲಿ ಐದರಲ್ಲಿ ಒಂದು ಪಾಲು ಹಲ್ಲಿನ ಮೇಲಕ್ಕೆ ಕಾಣಬೇಕು. 4.8 ಅರಕ್ಕೆ ಇದು ಹೆಚ್ಚು ಕಡಿಮೆ 1 ಮಿ.ಮೀ.

6. ಹಲ್ಲಿನ ಒಳಬದಿಯಿಂದ ಹೊರಬದಿಗೆ ತಳ್ಳಿ. ಮುಂದಕ್ಕೆ ತಳ್ಳುವಾಗ ಮಾತ್ರ ಅರ ಕೊಯ್ಯುತ್ತೆ. ವಾಪಸ್ ತರುವಾಗ ಎತ್ತಿಕೊಂಡು ಬನ್ನಿ. ಹಿಂದಕ್ಕೂ ಮುಂದಕ್ಕೂ ಗರಗರ ಎಳೆದ್ರೆ ಅರದ ಹಲ್ಲೇ ಸವೆದುಹೋಗುತ್ತೆ. ಆಗಾಗ ಅರವನ್ನ ಸ್ವಲ್ಪ ತಿರುಗಿಸ್ತಾ ಇರಿ, ಎಲ್ಲ ಕಡೆ ಸಮನಾಗಿ ಸವೆಯಲಿ.

7. ಮಾಮೂಲಿ ಮೊಂಡಿಗೆ ಒಂದು ಹಲ್ಲಿಗೆ ಎರಡು ಮೂರು ಎಳೆತ ಸಾಕು. ಮೊದಲ ಹಲ್ಲಿಗೆ ಎಷ್ಟು ಹಾಕಿದ್ರೋ ಎಲ್ಲದಕ್ಕೂ ಅಷ್ಟೇ, ಒತ್ತೋ ಬಲವೂ ಅಷ್ಟೇ. ಉದ್ದ ಉಳಿದ ಹಲ್ಲಿಗೆ ಮಾತ್ರ ಒಂದೆರಡು ಹೆಚ್ಚಿಗೆ.

8. ಒಂದು ಬದಿಯ ಹಲ್ಲು ಪೂರ್ತಿ ಮುಗಿಸಿ, ಆಮೇಲೆ ಆಚೆ ಬದಿಗೆ ನಿಂತು ಇನ್ನೊಂದು ಬದಿಯದು ಮಾಡಿ. ಹೆಚ್ಚಿನವರಿಗೆ ಒಂದು ಬದಿಗೆ ಕೈ ಚೆನ್ನಾಗಿ ಓಡುತ್ತೆ, ಇನ್ನೊಂದಕ್ಕೆ ಓಡೋದಿಲ್ಲ. ಕೊಯ್ತ ಬಾಗೋಕೆ ಮುಖ್ಯ ಕಾರಣ ಇದೇ.

72 ಡ್ರೈವ್ ಲಿಂಕ್ ಇರೋ ಮಾಮೂಲಿ ಚೈನ್‌ನಲ್ಲಿ 36 ಹಲ್ಲು. ಹಲ್ಲಿಗೆ ಮೂರರಂತೆ 108 ಎಳೆತ. ಕೈ ಪಳಗಿದ್ರೆ ಒಂದು ಟೀ ಕುಡಿಯೋ ಹೊತ್ತು.

ಮುಗಿದದ್ದು ಹೇಗೆ ಗೊತ್ತಾಗುತ್ತೆ? ಹಲ್ಲಿನ ಅಂಚನ್ನ ಬಿಸಿಲಿಗೆ ಹಿಡಿದು ನೋಡಿ. ಮೊಂಡಾದ ಅಂಚಿನಲ್ಲಿ ಬೆಳ್ಳಗೆ ಒಂದು ಗೆರೆ ಹೊಳೆಯುತ್ತೆ. ಹರಿತವಾದ ಅಂಚು ಹೊಳೆಯೋದಿಲ್ಲ. ಆ ಗೆರೆ ಹೋಗೋವರೆಗೂ ಅರ ಹಾಕಿ, ಹೋದ ಮೇಲೆ ನಿಲ್ಲಿಸಿ. ಅದಕ್ಕಿಂತ ಹೆಚ್ಚು ಉಜ್ಜಿದ್ದೆಲ್ಲ ಚೈನ್‌ನ ಆಯಸ್ಸಿನಿಂದ ಕಳೆದದ್ದೇ.

ಎಲ್ಲರೂ ಮರೆಯೋ ಗೂಟ

ಅರ ಹಾಕಿದ ಮೇಲೂ ಕೆಲವರ ಚೈನ್ ಹಿಟ್ಟನ್ನೇ ಉದುರಿಸುತ್ತೆ. ಕಾರಣ ಆ ಮುಂದಿನ ಡೆಪ್ತ್ ಗೇಜ್. ಹಲ್ಲಿನ ಮೇಲ್ಭಾಗ ಹಿಂದಕ್ಕೆ ಇಳಿಜಾರಾಗಿದೆ. ಅರ ಹಾಕಿದಂತೆಲ್ಲ ಹಲ್ಲು ಹಿಂದಕ್ಕೆ ಹೋಗುತ್ತೆ, ಜೊತೆಗೆ ಎತ್ತರವೂ ಇಳಿಯುತ್ತೆ. ಆದ್ರೆ ಮುಂದಿನ ಗೂಟ ಇದ್ದ ಹಾಗೇ ನಿಂತಿರುತ್ತೆ. ಕೊನೆಗೆ ಗೂಟ ಹಲ್ಲಿನ ಮಟ್ಟಕ್ಕೇ ಬಂದು ಮರ ಮುಟ್ಟೋಕೇ ಬಿಡೋದಿಲ್ಲ.

ಹಾಗಾಗಿ ನಾಲ್ಕೈದು ಸಲ ಅರ ಹಾಕಿದ ಮೇಲೆ ಒಮ್ಮೆ ಗೂಟದ ಎತ್ತರ ನೋಡಲೇಬೇಕು. ಗೂಟ ಹಲ್ಲಿಗಿಂತ ಸುಮಾರು 0.65 ಮಿ.ಮೀ. ಕೆಳಗಿರಬೇಕು. ಅಳತೆ ಪಟ್ಟಿಯನ್ನ ಚೈನ್ ಮೇಲಿಟ್ಟಾಗ ಅದರ ಸೀಳಿನಿಂದ ಮೇಲಕ್ಕೆ ಕಾಣೋ ಭಾಗವನ್ನಷ್ಟೇ ಚಪ್ಪಟೆ ಅರದಿಂದ ತೆಗೀರಿ, ಆಮೇಲೆ ಗೂಟದ ಮುಂದಿನ ಮೂಲೆಯನ್ನ ಮೊದಲಿದ್ದ ಹಾಗೆ ದುಂಡಗೆ ಮಾಡಿ. ಪಟ್ಟಿ ಕೈಯಲ್ಲಿ ಇಲ್ಲದಾಗ ಅಂದಾಜು ನೋಡೋಕೆ ಒಂದು ದಾರಿ ಇದೆ. ಎರಡು ಹಲ್ಲಿನ ಮೇಲೆ ಸ್ಟೀಲ್ ಸ್ಕೇಲ್ ಇಡಿ. ಸ್ಕೇಲ್ ಮತ್ತು ಗೂಟದ ನಡುವೆ ಹ್ಯಾಕ್ಸಾ ಬ್ಲೇಡ್‌ನ ಬೆನ್ನು ತೂರುವಷ್ಟು ಸಂದು ಇರಬೇಕು. ಕೈ ಹ್ಯಾಕ್ಸಾ ಬ್ಲೇಡ್‌ನ ದಪ್ಪ ಹೆಚ್ಚು ಕಡಿಮೆ ಇಷ್ಟೇ.

"ಇನ್ನೂ ಜಾಸ್ತಿ ಕಚ್ಚಲಿ" ಅಂತ ಗೂಟವನ್ನ ಪೂರ್ತಿ ಉಜ್ಜಿ ಹಾಕೋರಿದ್ದಾರೆ. ಇದು ದೊಡ್ಡ ತಪ್ಪು. ಹಲ್ಲು ಅತಿಯಾಗಿ ಕಚ್ಚಿ ಮಿಷನ್ ಜಗ್ಗುತ್ತೆ, ಕ್ಲಚ್ ಮೇಲೆ ಭಾರ ಬೀಳುತ್ತೆ, ಮಿಷನ್ ಒದೆಯೋ ಅಪಾಯ ಹೆಚ್ಚುತ್ತೆ. ಒಮ್ಮೆ ಇಳಿಸಿದ ಗೂಟವನ್ನ ಮತ್ತೆ ಏರಿಸೋಕೆ ಆಗೋದಿಲ್ಲ.

ಗ್ರೈಂಡರ್ ಯಾಕೆ ಬೇಡ?

ವೆಲ್ಡಿಂಗ್ ಅಂಗಡಿಯಲ್ಲಿ ಹ್ಯಾಂಡ್ ಗ್ರೈಂಡರ್ ಇಟ್ಟು ಎರಡು ನಿಮಿಷದಲ್ಲಿ ಹಲ್ಲು ಚೂಪು ಮಾಡಿಸೋದು ಸುಲಭ ಅನ್ನಿಸುತ್ತೆ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11 ಸಾವಿರ ಸುತ್ತು ತಿರುಗುತ್ತೆ. ಆ ಬಿಸಿಗೆ ಹಲ್ಲಿನ ತುದಿ ನೀಲಿ ಬಣ್ಣಕ್ಕೆ ತಿರುಗಿದ್ರೆ ಉಕ್ಕಿನ ಹದ ಹೋಯ್ತು ಅಂತ ಅರ್ಥ. ಅಂಥ ಹಲ್ಲು ಹರಿತ ಹಿಡಿದು ನಿಲ್ಲೋದಿಲ್ಲ. ಕೆಲವು ಸಲ ತುದಿ ಗಾಜಿನಂತೆ ಗಡುಸಾಗಿ ಮುಂದೆ ಅರವೇ ಜಾರುತ್ತೆ. ಕುಲುಮೆಯಲ್ಲಿ ಹದ ಕೆಟ್ಟ ಕುಡುಗೋಲು ಹೇಗೋ ಇದೂ ಹಾಗೇ. ಜೊತೆಗೆ ಗ್ರೈಂಡರ್ ಒಂದೇ ಸಲಕ್ಕೆ ಹತ್ತು ಸಲ ಅರ ಹಾಕಿದಷ್ಟು ಉಕ್ಕು ತಿಂದುಹಾಕುತ್ತೆ, ಹಲ್ಲಿನ ಕೋನವೂ ಒಂದೊಂದು ಒಂದೊಂದು ಥರ.

ಮೊಳೆ, ಕಲ್ಲು ತಗುಲಿ ಹಲ್ಲು ಜಜ್ಜಿಹೋಗಿದ್ರೆ ಚೈನ್‌ಗೆಂದೇ ಮಾಡಿರೋ ಬೆಂಚ್ ಗ್ರೈಂಡರ್ ಇರೋ ಕಡೆ, ಸ್ವಲ್ಪ ಸ್ವಲ್ಪವೇ ಮುಟ್ಟಿಸಿ ಮಾಡಿಸಬಹುದು. ದಿನನಿತ್ಯದ ಹರಿತಕ್ಕೆ ಕೈ ಅರವೇ ಸರಿ.

ಮೊಂಡು ಚೈನ್ ಜೀವಕ್ಕೂ ಕುತ್ತು

ಮೊಂಡು ಕತ್ತಿ ಕೈ ಕುಯ್ಯೋದಿಲ್ಲ ಅಂದುಕೊಳ್ಳೋದು ಈ ಮಿಷನ್ ವಿಚಾರದಲ್ಲಿ ಪೂರ್ತಿ ಉಲ್ಟಾ. ಚೈನ್ ಮೊಂಡಾದ್ರೆ ಕೊಯ್ಯೋನು ಮೈಭಾರ ಹಾಕ್ತಾನೆ. ಕೊಂಬೆ ತಟ್ಟನೆ ಬಿಟ್ಟುಕೊಂಡಾಗ ಆ ಭಾರದ ಜೊತೆ ಮಿಷನ್ ನೇರ ಕಾಲಿನ ಕಡೆಗೆ ಬರುತ್ತೆ. ಇಳೀತಿಲ್ಲ ಅಂತ ಬಾರ್‌ನ ತುದಿಯಿಂದ ಚುಚ್ಚೋಕೆ ಹೋಗ್ತಾನೆ. ತುದಿಯ ಮೇಲ್ಗಡೆಯ ಕಾಲು ಭಾಗ ಮರಕ್ಕೆ ತಗುಲಿದ್ರೆ ಮಿಷನ್ ಕಣ್ಣು ಮಿಟುಕಿಸೋದರೊಳಗೆ ಮುಖದ ಕಡೆಗೆ ಒದೆಯುತ್ತೆ. ಇದನ್ನೇ ಕಿಕ್‌ಬ್ಯಾಕ್ ಅನ್ನೋದು. ಅಷ್ಟರಲ್ಲಿ ಕೈ ತೆಗೆಯೋಕೆ ಯಾರಿಗೂ ಆಗೋದಿಲ್ಲ, ಕಾಪಾಡೋದು ಚೈನ್ ಬ್ರೇಕ್ ಒಂದೇ. ಅದು ಕೆಲಸ ಮಾಡ್ತಿದೆಯಾ ಅನ್ನೋದನ್ನ ದಿನಾ ನೋಡಿಕೊಳ್ಳಿ.

ಇದರ ಜೊತೆ ಕೈ ನಡುಕ, ಭುಜದ ನೋವು, ಹೆಚ್ಚಿಗೆ ಸುಡೋ ಪೆಟ್ರೋಲ್, ಬಿಸಿಗೆ ಸವೆಯೋ ಬಾರ್. ಎಲ್ಲ ಸೇರಿಸಿದ್ರೆ ಅರ ಹಾಕದೇ ಉಳಿಸಿದ ಹತ್ತು ನಿಮಿಷ ಭಾರಿ ದುಬಾರಿ.

ಮರ ಕೊಯ್ಸೋರು ಏನು ನೋಡಬೇಕು?

ಮಿಷನ್ ನಿಮ್ಮದಲ್ಲದೇ ಇರಬಹುದು. ಗಂಟೆ ಲೆಕ್ಕದಲ್ಲಿ ದುಡ್ಡು ಕೊಡೋರು ನೀವಾಗಿದ್ರೆ ನೆಲದ ಮೇಲಿನ ಪುಡಿ ನಿಮಗೂ ಲೆಕ್ಕ ಹೇಳುತ್ತೆ. ಹಿಟ್ಟು ಬೀಳ್ತಿದ್ರೆ "ಒಂದು ಸಲ ಅರ ಹಾಕ್ಕೊಳ್ಳಣ್ಣ" ಅನ್ನಿ. ಮಧ್ಯೆ ಕೂತು ಅರ ಹಾಕೋ ಕೆಲಸಗಾರನನ್ನ "ಟೈಮ್ ಪಾಸ್ ಮಾಡ್ತಾನೆ" ಅಂತ ಬೈಬೇಡಿ, ಅವನು ನಿಮ್ಮ ದುಡ್ಡನ್ನೇ ಉಳಿಸ್ತಿದ್ದಾನೆ. ಮರದಲ್ಲಿ ಮೊಳೆ, ತಂತಿ ಇರೋದು ಗೊತ್ತಿದ್ರೆ ಮೊದಲೇ ಹೇಳಿ.

ಇನ್ನೊಂದು ಮಾತು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗು, ನೀಲಗಿರಿ, ಸರ್ವೆ, ಬಳ್ಳಾರಿ ಜಾಲಿಯಂಥ ಕೆಲವಕ್ಕೆ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ. ಹುಣಸೆ, ಬೇವಿನಂಥ ಮರ ಆದ್ರೆ ಸ್ವಂತ ಜಮೀನಿನದ್ದಾದ್ರೂ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಯೇ ಮಿಷನ್ ಕರೆಸಿ.

ಚೈನ್ ಬದಲಾಯಿಸೋದು ಯಾವಾಗ?

ಹಲ್ಲಿನ ಮೇಲೆ ಸವೆತದ ಗುರುತು ಇದ್ರೆ ಅಲ್ಲಿಗೆ ಬಂದಾಗ ನಿಲ್ಲಿಸಿ. ಗುರುತು ಇಲ್ಲದಿದ್ರೆ ಹಲ್ಲಿನ ಮೇಲ್ಭಾಗದ ಉದ್ದ 4 ಮಿ.ಮೀ.ಗೆ ಇಳಿದ ಮೇಲೆ ಅದನ್ನ ಬಳಸಬೇಡಿ, ಹಲ್ಲು ಮುರಿದು ಹಾರಬಹುದು. ಬಿರುಕು ಬಿಟ್ಟ ಕೊಂಡಿ, ಅಲ್ಲಾಡೋ ರಿವೆಟ್ ಕಂಡ್ರೆ ಅವತ್ತೇ ಬದಲಾಯಿಸಿ.

ಅಲ್ಲಿವರೆಗೂ ಚೈನ್ ಬಾಳಬೇಕಂದ್ರೆ ಮೂರು ಅಭ್ಯಾಸ ಇಟ್ಕೊಳ್ಳಿ. ಒಂದು, ಪ್ರತಿ ಸಲ ಪೆಟ್ರೋಲ್ ತುಂಬುವಾಗ ಹಲ್ಲು ನೋಡಿ, ಬೇಕಿದ್ರೆ ಎರಡೆರಡು ಎಳೆತ ಹಾಕಿ. ಪೂರ್ತಿ ಮೊಂಡಾಗೋವರೆಗೆ ಕಾಯಬೇಡಿ. ಎರಡು, ಚೈನ್ ಆಯಿಲ್ ಬರ್ತಿದೆಯಾ ನೋಡಿ. ಬಾರ್‌ನ ತುದಿಯನ್ನ ಒಂದು ರಟ್ಟಿನ ಕಡೆ ಹಿಡಿದು ಆಕ್ಸಿಲೇಟರ್ ಕೊಟ್ಟರೆ ರಟ್ಟಿನ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಗಾಡಿಯಿಂದ ತೆಗೆದ ಸುಟ್ಟ ಆಯಿಲ್ ಹಾಕಬೇಡಿ, ಅದರಲ್ಲಿ ಲೋಹದ ಪುಡಿ ಇರುತ್ತೆ, ಮೈಗೆ ಸಿಡಿದ್ರೆ ಚರ್ಮಕ್ಕೂ ಒಳ್ಳೇದಲ್ಲ. ಮೂರು, ಆಗಾಗ ಬಾರ್ ಬಿಚ್ಚಿ ಅದರ ಕಾಲುವೆಯ ಕಸ ತೆಗೆದು, ತಿರುವಿ ಹಾಕಿ. ಎರಡೂ ಬದಿ ಸಮನಾಗಿ ಸವೆಯುತ್ತೆ.

ಒಂದು ದುಂಡು ಅರದ ಬೆಲೆ ಹೊಸ ಚೈನ್ ಬೆಲೆಯ ಮುಂದೆ ಏನೇನೂ ಅಲ್ಲ. ಕೈ ಕೂರೋವರೆಗೆ ಹಳೇ ಚೈನ್ ಮೇಲೆ ಒಂದೆರಡು ಸಲ ಅಭ್ಯಾಸ ಮಾಡಿ. ಮುಂದಿನ ಸಲ ಮಿಷನ್ ಎಳೀತಿಲ್ಲ ಅನ್ನಿಸಿದಾಗ ಅಂಗಡಿಗೆ ಹೊರಡೋ ಮೊದಲು ಕಾಲಬುಡದ ಪುಡಿ ಒಂದು ಹಿಡಿ ಎತ್ತಿ ನೋಡಿ.